ಆಪಾ ಅವರ ಆರು ಅಕ್ಷರ

ಮೊನ್ನೆ ಮಧ್ಯಾಹ್ನ ಹರಿಹರದಿಂದ ಒಂದು ಫೋನ್ ಬಂತು. ಮಾತಾಡಿದವರು ನಮ್ಮ ವಿದ್ಯಾಸಂಸ್ಥೆಯ ಈಗಿನ ನೆಟ್‌ವರ್ಕ್ ಮೇಲ್ವಿಚಾರಕರು. ಮಲೆಬೆನ್ನೂರು ಕಡೆಯವರು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಮರ್ಯಾದಸ್ಥ ಮನುಷ್ಯ.

"ಸರ್, ಇಲ್ಲಿ ಹೈಸ್ಕೂಲಿನ ಬಾಗ್ಲು ಪಕ್ಕ ಒಂದು ಕಬ್ಬಿಣದ ಪೆಟ್ಟಿಗೆ ಐತಲ್ರಿ, ಅದರ ಮ್ಯಾಲೆ ಇಂಗ್ಲಿಷ್ ಅಕ್ಷರದಾಗೆ ಅಬ್ಬಾ ಅಂತ ಬರ್ದೈತೆ. ಒಳಗಿರೋ ಮಷೀನಿನ ಅಡ್ರೆಸ್ಸೂ ಅದ್ರಾಗೇ ಮುಗೀತೈತೆ. ನಾನು ಎಲ್ಲಾ ಅಡ್ರೆಸ್ಸು ಒಂದು ಕ್ರಮಕ್ಕೆ ತರ್ತಾ ಇದೀನ್ರಿ. ಇದನ್ನ ತೆಗ್ದು ಬರೇ ನಂಬರ್ ಹಾಕ್ಲಾ? ನಿಮ್ಮನ್ನ ಕೇಳು ಅಂದ್ರು ಆಫೀಸಿನಾಗೆ."

ಸಂಜೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಕಂಪ್ಯೂಟರಿನ ವಿಷಯಕ್ಕೆ ಕನ್ನಡ ಪಾಠ ಮಾಡುವವನನ್ನು ಯಾಕೆ ಕೇಳುತ್ತಾರೆ ಎಂದು ಯಾರಿಗಾದರೂ ಅನ್ನಿಸಬಹುದು. ಆ ಪೆಟ್ಟಿಗೆಗೆ ಅಂದು ಬಣ್ಣ ಕಲಸಿಕೊಟ್ಟವನು ನಾನು. ಅಕ್ಷರ ಬರೆದವರು ಕಳೆದ ಬೇಸಿಗೆಯಲ್ಲಿ ತೀರಿಕೊಂಡರು.

ಅವರನ್ನು ಕಾಲೇಜಿನಲ್ಲಿ ಎಲ್ಲರೂ ಆಪಾ ಎನ್ನುತ್ತಿದ್ದರು. ಉರ್ದುವಿನಲ್ಲಿ ಅಕ್ಕ ಎಂದರ್ಥ. ಮೊದಲು ಹಾಗೆ ಕರೆದವರು ನೆಲ ಒರೆಸಲು ಬರುತ್ತಿದ್ದ ಹೆಂಗಸರು. ಆಮೇಲೆ ಗುಮಾಸ್ತರು, ಆಮೇಲೆ ನಾವು, ಕೊನೆಗೆ ವಿದ್ಯಾರ್ಥಿಗಳು. ಹರಿಹರದಲ್ಲಿ ತಂಗಿಯ ಸಂಸಾರದೊಂದಿಗೆ ಇದ್ದರು. ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ವಿದ್ಯಾನಗರದ ಸ್ಟಾಪಿನಲ್ಲಿ ಇಳಿದು, ಬುರ್ಖಾ ಮಡಚಿ ಚೀಲಕ್ಕೆ ಹಾಕಿ, ಸ್ವೆಟರ್ ತೊಡುತ್ತಿದ್ದರು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಓಡಾಡಿದ ಮನುಷ್ಯರನ್ನು ನಾನು ಅವರೊಬ್ಬರನ್ನೇ ನೋಡಿದ್ದು. ಕಾಲೇಜಿನ ನೆಟ್‌ವರ್ಕು ನೋಡಿಕೊಳ್ಳುತ್ತಿದ್ದ ಅವರು ಕೂರುತ್ತಿದ್ದದ್ದು ಸರ್ವರ್ ಕೋಣೆಯಲ್ಲಿ. ಇಡೀ ಕಾಲೇಜಿನಲ್ಲಿ ಎ.ಸಿ. ಇದ್ದ ಕೋಣೆ ಆಗ ಅದೊಂದೇ, ಅದೂ ಯಂತ್ರಗಳ ಪುಣ್ಯಕ್ಕೆ.

ಬೇಸಿಗೆಯಲ್ಲಿ ನಮಗೆಲ್ಲ ಆ ಕೋಣೆಯಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ಆಪಾ ಯಾರನ್ನೂ ತಡೆಯುತ್ತಿರಲಿಲ್ಲ, ಚಪ್ಪಲಿ ಮಾತ್ರ ಹೊರಗೆ. ತಿಂಡಿ ತಂದವರಿಗೆ ಪ್ರವೇಶವಿಲ್ಲ. ಲ್ಯಾಬಿನಲ್ಲಿ ಹುಡುಗರು ಮಂಡಕ್ಕಿ ತಿಂದದ್ದು ಗೊತ್ತಾದರೆ ಅವರ ಕೋಪ ನೆತ್ತಿಗೇರುತ್ತಿತ್ತು. ಮಂಡಕ್ಕಿ ಬಿದ್ದರೆ ಇಲಿ ಬರುತ್ತದೆ, ಇಲಿ ಬಂದರೆ ವೈರು ಕಡಿಯುತ್ತದೆ, ಆಮೇಲೆ ನಿಮ್ಮ ರಿಸಲ್ಟು ಇಲಿ ಹೊಟ್ಟೆಯಲ್ಲಿ ನೋಡಿಕೊಳ್ಳಿ ಎಂದು ಬೈಯುತ್ತಿದ್ದರು. ಒಂದು ಪ್ಲಗ್ಗಿನ ಜಗಳಕ್ಕೆ ಭೌತಶಾಸ್ತ್ರದ ಮುಖ್ಯಸ್ಥರ ಜತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಆ ಪ್ಲಗ್ಗು ಯಾರದ್ದೆಂದು ಕೊನೆಗೂ ತೀರ್ಮಾನವಾಗಲಿಲ್ಲ.

ಡಿಪ್ಲೊಮಾ ಮುಗಿಸಿ ಅವರು ಮೊದಲು ಕೆಲಸಕ್ಕೆ ಸೇರಿದ್ದು ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ. ಅಲ್ಲಿಂದ ಬಂದ ಒಂದು ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ. ಮಾತಾಡುತ್ತಿರುವವರ ಲೈನು ಕಡಿಯಬಾರದು. ಫೋನ್ ಇಡುವ ಮುಂಚೆ "ಇಡ್ಲಾ?" ಎಂದು ಕೇಳಿಯೇ ಇಡುವರು. ನೆಟ್‌ವರ್ಕ್ ನಿಲ್ಲಿಸುವುದಿದ್ದರೆ ಬೇರೆ ಕಡೆಯೆಲ್ಲ ನೋಟಿಸ್ ಕಳಿಸುತ್ತಾರೆ. ಆಪಾ ವಿಭಾಗದಿಂದ ವಿಭಾಗಕ್ಕೆ ನಡೆದು ಬಂದು, ಬಾಗಿಲಲ್ಲಿ ತಲೆಹಾಕಿ, "ನಿಲ್ಲಿಸ್ಲಾ?" ಎನ್ನುವರು. ನಾವು ಯಾರೋ ಒಬ್ಬರು ತಡೀರಿ ಆಪಾ ಅಂದರೆ ಮತ್ತೆ ಹೋಗಿ ಇನ್ನೊಮ್ಮೆ ಬರುವರು.

ಇಷ್ಟು ಕೇಳುವ ಅವರನ್ನು ಬೇರೆಯವರು ಏನಾದರೂ ಕೇಳಿದರೆ ಮಾತ್ರ ಉತ್ತರ ಒಂದೇ, ಬ್ಯಾಡ.

ನಮ್ಮ ಕಡೆಯ ಬ್ಯಾಡದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ದಾವಣಗೆರೆ, ಹರಿಹರದ ಮನೆಗಳಲ್ಲಿ ಚಾ ಕುಡೀತೀರಾ ಎಂದು ಕೇಳಿದರೆ ಬಂದವರು ಬ್ಯಾಡ್ರಿ ಎನ್ನುತ್ತಾರೆ. ಅದು ನಿರಾಕರಣೆಯಲ್ಲ, ನಮಸ್ಕಾರದ ಹಾಗೆ. ಎರಡನೇ ಸಲ ಕೇಳಬೇಕು. ಆಗಲೂ ಬ್ಯಾಡ ಅನ್ನುತ್ತಾರೆ, ದನಿ ಸ್ವಲ್ಪ ಇಳಿದಿರುತ್ತದೆ. ಮೂರನೇ ಸಲ ಕೇಳುವಷ್ಟರಲ್ಲಿ ಒಲೆಯ ಮೇಲೆ ಪಾತ್ರೆ ಇಟ್ಟಾಗಿರುತ್ತದೆ. ಮೊದಲನೇ ಬ್ಯಾಡಕ್ಕೇ ಸುಮ್ಮನಾಗುವ ಮನೆಯನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಒಳ್ಳೆಯದಕ್ಕಲ್ಲ. ಆಪಾ ಈ ಪದ್ಧತಿಯಲ್ಲಿ ಬಲು ಕಟ್ಟುನಿಟ್ಟು. ಸ್ಟಾಫ್ ರೂಮಿಗೆ ಬಂದರೆ ಮೂರು ಸಲ ಬ್ಯಾಡ ಅಂದು, ಲೋಟ ಕೈಗೆ ಬಂದ ಮೇಲೆ ಒಂದು ಗುಟುಕು ಕುಡಿದು, "ಸಕ್ರೆ ಕಮ್ಮಿ ಹಾಕಿಸೀರೇನ್ರಿ?" ಎನ್ನುವರು. ಒಪ್ಪಿದರು ಎಂದು ತಿಳಿಯುತ್ತಿದ್ದದ್ದೇ ಆ ಪ್ರಶ್ನೆಯಿಂದ. ತಮಗೆ ಇಂಥದ್ದು ಬೇಕು ಎಂದು ಅವರು ಅಂದದ್ದು ನನಗೆ ನೆನಪಿಲ್ಲ.

ಈ ನಡುವೆ ಕಾಲೇಜಿಗೆ ಹೊಸ ಇಂಟರ್‌ನೆಟ್ ವಿಳಾಸಗಳು ಬರುವ ಕಾಲ ಬಂತು. ಹಳೆಯ ನಾಲ್ಕನೇ ಆವೃತ್ತಿಯಿಂದ ಆರನೇ ಆವೃತ್ತಿಗೆ ಎಲ್ಲ ಯಂತ್ರಗಳೂ ಹೋಗಬೇಕು ಎಂದು ಸುತ್ತೋಲೆ ಬಂದಿತ್ತು. ನಾನು ಮೂಗು ಮುರಿದೆ. ಇದ್ದದ್ದು ಚೆನ್ನಾಗಿಯೇ ಇದೆಯಲ್ಲ ಎಂದು ಆ ತಂಪು ಕೋಣೆಯಲ್ಲಿ ಕೂತು ವಾದ ಮಾಡಿದೆ. ಆಪಾ ಬೈಯಲಿಲ್ಲ.

"ಮೇಷ್ಟ್ರೇ, ಈಗ ನಮ್ಮ ಕಾಲೇಜು ಒಂದು ವಠಾರ ಇದ್ದಂಗೆ. ಹೊರಗಡೆ ಒಂದೇ ಡೋರ್ ನಂಬರ್. ಒಳಗೆ ಎಷ್ಟು ಸಂಸಾರ ಅವೆ ಅಂತ ಬೀದಿಗೆ ಗೊತ್ತಿಲ್ಲ. ಟಪಾಲು ಬಂದ್ರೆ ನಾನು ಬಾಗ್ಲಾಗೆ ನಿಂತು ಇದು ನಿಂದು, ಅದು ನಿಂದು ಅಂತ ಹಂಚ್ಬೇಕು. ಊರಾಗೆ ನಂಬರೇ ಮುಗ್ದು ಹೋದ್ವು, ಅದಕ್ಕೆ ಹಂಗೆ ಮಾಡಿದ್ವಿ. ಹೊಸದ್ರಾಗೆ ಪ್ರತಿ ಕೋಣಿಗೂ ಅದರದ್ದೇ ನಂಬರ್ ಐತೆ. ಯಾರೂ ಬಾಗ್ಲಾಗೆ ನಿಲ್ಲದು ಬ್ಯಾಡ."

ಹಾಗಾದರೆ ಹಳೆಯ ನಂಬರು ಅಳಿಸಿ ಹೊಸದು ಹಾಕಿಬಿಡುವುದು ತಾನೇ ಎಂದೆ. ಅದಕ್ಕೆ ಅವರು ತಮ್ಮ ತಂದೆಯ ಕಥೆ ಹೇಳಿದರು.

ಅವರ ತಂದೆ ಹರಿಹರದಲ್ಲಿ ಬೋರ್ಡು ಬರೆಯುವವರು. ಪುರಸಭೆ ಒಮ್ಮೆ ವಾರ್ಡುಗಳನ್ನು ತಿದ್ದಿ ಮನೆಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ, ಬಾಗಿಲುಗಳ ಮೇಲೆ ಅದನ್ನು ಬರೆಯುವ ಕೆಲಸ ಅವರಿಗೆ ಸಿಕ್ಕಿತು. ತಗಡಿನಲ್ಲಿ ಅಂಕಿಗಳನ್ನು ಕತ್ತರಿಸಿ ಅಚ್ಚು ಮಾಡಿಕೊಂಡಿದ್ದರು. ಅಚ್ಚು ಇಟ್ಟು ಬಣ್ಣ ಒತ್ತಿದರೆ ಅಂಕಿ ಮೂಡುತ್ತಿತ್ತು. ಹಳೆಯ ನಂಬರು ಕಪ್ಪು, ಅದರ ಕೆಳಗೆ ಹೊಸದು ಕೆಂಪು. ಹಳೆಯದನ್ನು ಅಳಿಸಿಯೇ ಬರೆಯಿರಿ ಎಂದು ಪುರಸಭೆಯವರು ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಪೋಸ್ಟ್‌ಮ್ಯಾನಿಗೆ ಹೊಸದು ರೂಢಿಯಾಗಬೇಕು, ದೂರದ ನೆಂಟರಿಗೆ ಕಾಗದ ಬರೆದು ತಿಳಿಸಬೇಕು, ಅಲ್ಲಿಯವರೆಗೆ ಎರಡೂ ಇರಲಿ ಎಂಬುದು ಅವರ ವಾದ.

"ನಮ್ಮಬ್ಬಾ ಹೇಳ್ತಿದ್ರು ಮೇಷ್ಟ್ರೇ, ನಾನು ಬರಿಯಾಕೆ ಬಂದೀನಿ, ಒರ್ಸಾಕೆ ಅಲ್ಲ. ಒರ್ಸದು ಮನೆಯವ್ರ ಕೆಲ್ಸ, ಅವ್ರಿಗೆ ಬ್ಯಾಡ ಅನ್ನಿಸ್ದಾಗ ಸುಣ್ಣ ಹೊಡ್ಕಂತಾರೆ."

ಅಬ್ಬಾ ಎಂದರೆ ಅವರ ಮನೆಮಾತಿನಲ್ಲಿ ಅಪ್ಪ. ನೆಟ್‌ವರ್ಕಿನಲ್ಲಿ ಆಪಾ ಮಾಡಿದ್ದೂ ಅದನ್ನೇ. ಹಳೆಯ ವಿಳಾಸವನ್ನು ಹಾಗೇ ಇಟ್ಟು ಹೊಸದನ್ನು ಪಕ್ಕದಲ್ಲಿ ಬರೆಯುತ್ತ ಹೋದರು. ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಇದಕ್ಕೆ ಅವರ ಶಾಸ್ತ್ರದಲ್ಲಿ ಏನೋ ಹೆಸರಿದೆ, ಹೇಳಿದ್ದರು, ನನ್ನ ತಲೆಗೆ ಹತ್ತಲಿಲ್ಲ.

ಹೊಸ ವಿಳಾಸ ಭಾರಿ ಉದ್ದ. ಅದರಲ್ಲಿ ಅಂಕಿಗಳ ಜತೆ ಆರು ಇಂಗ್ಲಿಷ್ ಅಕ್ಷರಗಳೂ ಬರುತ್ತವೆ, ಎ ಇಂದ ಎಫ್ ವರೆಗೆ. ಸಾಮಾನ್ಯ ಕಂಪ್ಯೂಟರುಗಳು ತಮ್ಮ ವಿಳಾಸವನ್ನು ತಾವೇ ಮಾಡಿಕೊಳ್ಳುತ್ತವಂತೆ. ಆದರೆ ಸರ್ವರು, ಪ್ರಿಂಟರಿನಂಥ, ಇದ್ದಲ್ಲೇ ಇರಬೇಕಾದ ಯಂತ್ರಗಳಿಗೆ ಕೈಯಿಂದ ಬರೆಯಬೇಕು, ಮತ್ತು ವಿಳಾಸದ ಕೊನೆಯ ಭಾಗ ನಮ್ಮ ಇಷ್ಟ. ತಂದೆಯ ತಗಡಿನ ಅಂಕಿಗಳನ್ನು ಆಪಾ ಸರ್ವರ್ ಕೋಣೆಯಲ್ಲೇ ಇಟ್ಟಿದ್ದರು, ಪೆಟ್ಟಿಗೆಗಳ ಮೇಲೆ ನಂಬರು ಹಾಕಲು. ಅಕ್ಷರದ ಅಚ್ಚುಗಳಿರಲಿಲ್ಲ. ಹರಿಹರದಲ್ಲಿ ತಗಡಿನ ಕೆಲಸದವರಿಂದ ಆರೂ ಅಕ್ಷರ ಕತ್ತರಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದರು.

"ನೀವು ಕನ್ನಡ ಮೇಷ್ಟ್ರಲ್ವೇನ್ರಿ? ಈ ಆರು ಅಕ್ಷರದಾಗೆ ಕನ್ನಡ ಮಾಡಿಕೊಡ್ರಿ."

ಆ ವಾರ ನಾನು ಪಾಠ ಮಾಡಿದ್ದು ಅಷ್ಟಕ್ಕಷ್ಟೇ. ಅಟೆಂಡೆನ್ಸ್ ತೆಗೆದುಕೊಳ್ಳುವಾಗಲೂ ಅದೇ ಧ್ಯಾನ. ಇ ಡಿ ಇ, ಎದೆ. ಅದನ್ನು ಎಲ್ಲ ತಂತಿಗಳೂ ಬಂದು ಸೇರುವ ದೊಡ್ಡ ಯಂತ್ರಕ್ಕೆ ಕೊಟ್ಟರು. ಎ ಡಿ ಡಿ ಎ, ಅಡ್ಡ. ಅದು ಸ್ಟಾಫ್ ರೂಮಿನ ಪ್ರಿಂಟರಿಗೆ, ಅದಕ್ಕಿಂತ ತಕ್ಕ ಹೆಸರು ಸಾಧ್ಯವಿರಲಿಲ್ಲ. ಲೈಬ್ರರಿಗೆ ಎ ಡಿ ಇ, ಅದೇ. ಅಲ್ಲಿ ಹೊಸ ಪುಸ್ತಕ ಬಂದು ಬಹಳ ಕಾಲವಾಗಿತ್ತು. ನಮ್ಮ ಬಿ.ಇಡಿ. ಪದವಿಯ ಕೊನೆಗೆ ಒಂದು ಎ ಸೇರಿಸಿದರೆ ಬೇಡ ಆಗುತ್ತದೆ ಎಂದು ಹೊಳೆದಾಗ ನಾನು ಕ್ಲಾಸಿನಲ್ಲೇ ನಕ್ಕುಬಿಟ್ಟೆ. ಆಪಾ ಅದನ್ನು ಕಚೇರಿಯ ಸರ್ವರಿಗೆ ಕೊಟ್ಟರು. ನಮ್ಮ ಆಗಿನ ಸೂಪರಿಂಟೆಂಡೆಂಟರು ರಜೆ ಅರ್ಜಿಯನ್ನು ಓದುವ ಮೊದಲೇ ಬ್ಯಾಡ ಅನ್ನುತ್ತಿದ್ದ ಕಾರಣಕ್ಕೆ.

"ಬ್ಯಾಡ ಐತೆ, ಬೇಕು ಇಲ್ವಾ?" ಎಂದು ಕೇಳಿದರು. ಕೆ ಇಲ್ಲ, ಯು ಇಲ್ಲ, ಈ ಅಕ್ಷರಗಳಲ್ಲಿ ಬೇಕು ಬರೆಯಲು ಆಗುವುದಿಲ್ಲ ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಬಹಳ ದಿನ ಎಲ್ಲರಿಗೂ ಹೇಳಿಕೊಂಡು ನಕ್ಕರು.

ಈ ಆಟದ ಪೆಟ್ಟು ಮೊದಲು ಬಿದ್ದದ್ದು ಅವರಿಗೇ. ನಮ್ಮ ಸಂಸ್ಥೆಗೆ ಹರಿಹರದಲ್ಲಿ ಒಂದು ಹೈಸ್ಕೂಲು ಇದೆ. ಅಲ್ಲಿಂದ ಇಲ್ಲಿನ ಕಚೇರಿಯ ಸರ್ವರಿಗೆ ಹೊಸ ದಾರಿ ಮಾಡಿ ನೋಡೋಣ ಎಂದು, ಅಲ್ಲಿಯ ಕಂಪ್ಯೂಟರ್ ಮಾಸ್ತರಿಗೆ ಫೋನಿನಲ್ಲಿ ವಿಳಾಸ ಹೇಳುತ್ತಿದ್ದರು. ನಾನು ಎದುರಿಗೇ ಕೂತಿದ್ದೆ. ಉದ್ದನೆಯ ವಿಳಾಸವೆಲ್ಲ ಸರಿಯಾಗಿ ಬರೆಸಿದರು. ಕೊನೆಗೆ ಏನು ಹಾಕಲಿ ಎಂದು ಆತ ಕೇಳಿದ.

"ಬ್ಯಾಡ," ಅಂದರು ಆಪಾ.

"ಏನೂ ಬ್ಯಾಡ್ವಾ ಆಪಾ?"

"ಬ್ಯಾಡ ಅಷ್ಟೇ. ಮತ್ತೇನಿಲ್ಲ. ಇಡ್ಲಾ?"

ಆತ ಏನೂ ಹಾಕಲಿಲ್ಲ. ದಾರಿ ತೆರೆಯಲಿಲ್ಲ. ಆಪಾ ಕೇಬಲನ್ನು ಬೈದರು, ಇಂಟರ್‌ನೆಟ್ ಕೊಡುವ ಕಂಪನಿಯನ್ನು ಬೈದರು, ಇಲಿಗಳನ್ನೂ ಬಿಡಲಿಲ್ಲ. ಮರುದಿನ ತಾವೇ ಶಾಲೆಗೆ ಹೋಗಿ ಪರದೆ ನೋಡಿದಾಗ ವಿಳಾಸದ ಕೊನೆ ಖಾಲಿ ಇತ್ತು. ನೀವೇ ಬ್ಯಾಡ ಅಂದ್ರಲ್ಲ ಆಪಾ ಎಂದು ಆ ಮಾಸ್ತರು ಅಂದಾಗ ಇವರಿಗೆ ನಗು ತಡೆಯಲಾಗದೆ ಅಲ್ಲೇ ಬೆಂಚಿನ ಮೇಲೆ ಕೂತರಂತೆ. ಹಳೆಯ ದಾರಿ ಹಾಗೇ ಇದ್ದುದರಿಂದ ಶಾಲೆಯ ಕೆಲಸವೇನೂ ನಿಲ್ಲಲಿಲ್ಲ. ನಮ್ಮಬ್ಬಾ ಒರ್ಸಬ್ಯಾಡ ಅಂದಿದ್ದು ಇದಕ್ಕೇ ನೋಡ್ರಿ ಎಂದು ಅದರಲ್ಲೂ ತಂದೆಗೆ ಒಂದು ಅಂಕ ಕೊಟ್ಟರು.

ಹೊಸ ವಿಳಾಸದ ಕೆಲಸ ಹೀಗೆ ವಿಭಾಗದಿಂದ ವಿಭಾಗಕ್ಕೆ ನಡೆಯಿತು. ಕಾಲೇಜು ಮುಗಿಯಿತು, ಹಾಸ್ಟೆಲ್ಲುಗಳು ಮುಗಿದವು. ಹರಿಹರದ ಶಾಲೆ ಮಾತ್ರ ಉಳಿಯಿತು. ಅಲ್ಲಿನ ತಂತಿಗಳನ್ನೆಲ್ಲ ಬದಲಿಸಬೇಕಿತ್ತು. ಅದನ್ನು ಆಪಾ ಬೇಕೆಂದೇ ಕೊನೆಗೆ ಇಟ್ಟಿದ್ದರು ಎಂದು ನನಗೆ ಅನುಮಾನ. ಆ ಶಾಲೆಯಲ್ಲೇ ಅವರು ಓದಿದ್ದು, ಅದರ ಬಾಗಿಲ ಮೇಲಿನ ನಂಬರು ಅವರ ತಂದೆ ಬರೆದದ್ದು. ಚಿಕ್ಕ ಹುಡುಗಿಯಾಗಿ ಏಣಿಯ ಬುಡದಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದರಂತೆ. ಆ ಕೆಲಸವನ್ನು ತಮ್ಮ ಕೈಯಾರೆ ಮಾಡಿ ಮನೆಗೆ ಹೋಗಬೇಕು ಎಂಬುದು ಅವರ ಆಸೆ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಾವ ಮಾತು ಎತ್ತಿದರೂ ಅದು ಹರಿಹರಕ್ಕೆ ಹೋಗಿ ನಿಲ್ಲುತ್ತಿತ್ತು.

ಅಷ್ಟರಲ್ಲಿ ನಿವೃತ್ತಿ ಹತ್ತಿರ ಬಂತು. ಅದೇ ವರ್ಷ ನಮಗೆ ಹೊಸ ಪ್ರಾಂಶುಪಾಲರು ಬಂದಿದ್ದರು. ಕರಾವಳಿ ಕಡೆಯವರು, ನೇರ ಮನುಷ್ಯ, ಆಡಿದ ಮಾತಿಗೆ ತಪ್ಪದವರು. ಏನೋ ಒಂದು ಕಾಗದಕ್ಕೆ ಸಹಿ ಮಾಡಿಸಲು ನಾನು ಅವರ ಕೋಣೆಯಲ್ಲಿದ್ದಾಗ ಆಪಾ ಅವರನ್ನು ಕರೆಸಿದರು. ಇನ್ನೂ ಒಂದು ವರ್ಷ ಮುಂದುವರಿಸಲು ಆಡಳಿತ ಮಂಡಳಿ ಒಪ್ಪಿದೆ ಎಂದರು. ಇಲ್ಲದಿದ್ದರೆ ಹೊರಗಿನ ಕಂಪನಿಗೆ ಕೊಡಬೇಕಾಗುತ್ತದೆ, ಅವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡುತ್ತಾರೆ ಎಂದೂ ಹೇಳಿದರು.

"ನೀವು ಇದ್ದು ಹರಿಹರದ ಕೆಲಸ ಮುಗಿಸಿಕೊಡ್ತೀರಾ ಮೇಡಂ?"

ನನಗೆ ಖುಷಿಯಾಯಿತು. ಆಪಾ ಸೆರಗು ಸರಿಮಾಡಿಕೊಳ್ಳುತ್ತ, ನೆಲ ನೋಡುತ್ತ, ನಗುನಗುತ್ತಾ "ಬ್ಯಾಡ್ರಿ ಸರ್" ಅಂದರು.

"ಹೌದಾ? ಆಯ್ತು. ನಿಮಗೂ ವಿಶ್ರಾಂತಿ ಬೇಕಲ್ಲ," ಎಂದು ಪ್ರಾಂಶುಪಾಲರು ಫೈಲು ಮುಚ್ಚಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಯಾರೋ ಫೋನ್ ಮಾಡಿದರು, ಕೈಯಲ್ಲೇ ನಮಗೆ ಹೋಗಿ ಬನ್ನಿ ಎಂದರು. ಸೆರಗಿನ ಮೇಲೆ ಆಪಾ ಅವರ ಕೈ ಹಾಗೇ ನಿಂತಿತ್ತು.

ವರಾಂಡದಲ್ಲಿ ಅವರ ಮುಖ ನೋಡಲು ಆಗಲಿಲ್ಲ. ಈಗಲೇ ಒಳಗೆ ಹೋಗಿ ಬೇಕು ಅಂತ ಹೇಳಿ ಆಪಾ ಎಂದೆ.

"ಹೆಂಗ್ರಿ ಹೇಳದು? ಅವ್ರು ಇನ್ನೊಂದ್ಸಲ ಕೇಳ್ಬೇಕಿತ್ತು. ನಾನಾಗೇ ಹೋಗಿ ಬೇಕು ಅಂದ್ರೆ ಬೇಡಿದಂಗೆ ಆಗ್ತೈತೆ ಮೇಷ್ಟ್ರೇ. ನಮ್ಮ ಮನ್ಯಾಗೆ ಯಾರೂ ಬೇಡಿಲ್ಲ."

ಬೇಡ ಎನ್ನುವುದೂ ಬೇಡುವುದೂ ಒಂದೇ ಮನೆಯ ಮಾತುಗಳು ಎಂದು ವ್ಯಾಕರಣ ಹೇಳುವ ಹೊತ್ತಲ್ಲ ಅದು. ಹಾಗಾದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. ನೀವು ಹೇಳಬ್ಯಾಡ್ರಿ ಎಂದು ಗಟ್ಟಿಯಾಗಿ ಅಂದು ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ವಿಭಾಗಗಳಿಗೆ ಬಂದು ಏನೂ ಕೇಳಲಿಲ್ಲ. ಚಾಕ್ಕೂ ಬರಲಿಲ್ಲ. ಇನ್ನು ಕೆಲವು ವಾರಗಳಲ್ಲಿ ಈ ಹೆಂಗಸು ಹೀಗೇ, ಕೊನೆಯ ಬಾಗಿಲು ಬಾಕಿ ಇಟ್ಟು, ಬಸ್ಸು ಹತ್ತಿ ಹೋಗಿಬಿಡುತ್ತಾರಲ್ಲ ಎಂದು ನನಗೆ ಊಟ ರುಚಿಸಲಿಲ್ಲ.

ಹೇಳಬ್ಯಾಡ್ರಿ ಎಂದದ್ದನ್ನು ನಾನು ಮೊದಲನೇ ಬ್ಯಾಡ ಎಂದು ಲೆಕ್ಕಕ್ಕೆ ತೆಗೆದುಕೊಂಡೆ. ಮರುದಿನ ಪ್ರಾಂಶುಪಾಲರ ಎದುರು ಕೂತು ನಮ್ಮ ಊರಿನ ಬ್ಯಾಡದ ಸ್ವಭಾವವನ್ನು ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಮ್ಮ ಕಡೆ ಬೇಡ ಅಂದ್ರೆ ಬೇಡ ಅಂತಲೇ ಅಲ್ವಾ? ಮತ್ತೆ ನಿಮ್ಮಲ್ಲಿ ನಿಜವಾದ ಬೇಡ ಯಾವುದು ಅಂತ ಹೇಗೆ ಗೊತ್ತಾಗೋದು?"

ಅದು ಕೇಳುವವರ ಕೆಲಸ ಸಾರ್ ಎಂದೆ. ಅವರಿಗೆ ಬೇಸರವೇ ಆಯಿತು. ಆರು ತಿಂಗಳಿಂದ ಈ ಊರಿನಲ್ಲಿ ಎಷ್ಟು ಜನಕ್ಕೆ ಚಾ ಕೊಡದೆ ಕಳಿಸಿದ್ದೇನೋ ಎಂದು ತಲೆ ಕೆರೆದುಕೊಂಡರು. ಆಮೇಲೆ ಎದ್ದರು. ಸರ್ವರ್ ಕೋಣೆಯ ಹೊರಗೆ ಶೂ ಬಿಚ್ಚಿ, ಸಾಕ್ಸಿನಲ್ಲಿ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ನಿನ್ನೆಯ ಮಾತನ್ನೇ ಮತ್ತೆ ಕೇಳಿದರು. ಆಪಾ ನನ್ನ ಕಡೆ ಒಂದು ಉರಿನೋಟ ಬೀರಿ ಬ್ಯಾಡ್ರಿ ಸರ್ ಅಂದರು. ಪ್ರಾಂಶುಪಾಲರು ಪರೀಕ್ಷೆಗೆ ಕೂತ ಹುಡುಗನ ಹಾಗೆ ನನ್ನನ್ನು ನೋಡಿದರು. ಮತ್ತೆ ಕೇಳಿ ಎಂಬಂತೆ ನಾನು ತಲೆಯಾಡಿಸಿದೆ. ಇನ್ನೊಮ್ಮೆ ಕೇಳಿದರು. ಬ್ಯಾಡ ಅಂದ್ನಲ್ರಿ ಅಂದರು ಆಪಾ, ದನಿ ಇಳಿದಿತ್ತು.

"ನಾನು ಮತ್ತೆ ಕೇಳ್ತೇನೆ ಮೇಡಂ. ಹರಿಹರದ್ದು ನೀವೇ ಮಾಡಬೇಕು."

ಆಪಾ ಸ್ವೆಟರಿನ ಗುಂಡಿ ಹಾಕಿದರು, ತೆಗೆದರು.

"ಆ ಸಾಲೀದು ಮೇನ್ ಬೀಗದ ಕೈ ಯಾರತ್ರ ಐತ್ರಿ ಸರ್?" ಎಂದು ಕೇಳಿದರು.

ಪ್ರಾಂಶುಪಾಲರಿಗೆ ಅರ್ಥವಾಗಲಿಲ್ಲ. ಒಪ್ಪಿದರು ಸಾರ್ ಎಂದು ನಾನೇ ಹೇಳಬೇಕಾಯಿತು.

ಆ ವರ್ಷ ಆಪಾ ಹರಿಹರದ ಶಾಲೆಯಲ್ಲಿ ಮಾಡಿದ ಕೆಲಸವನ್ನು ನಾನು ವರ್ಣಿಸಲಾರೆ, ನನಗೆ ಅದು ತಿಳಿಯುವುದೂ ಇಲ್ಲ. ಕೊನೆಯ ಯಂತ್ರಕ್ಕೆ ವಿಳಾಸ ಕೊಡುವ ದಿನ ನನ್ನನ್ನು ಕರೆಸಿದರು ಎಂಬುದಷ್ಟೇ ಗೊತ್ತು. ಅದು ಬೆಳಗಿನ ಹೊತ್ತು. ಶಾಲೆಯ ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ಯಂತ್ರ. ಬಾಗಿಲಿನ ಮೇಲೆ ಅವರ ತಂದೆಯ ಕೈಯ ಎರಡು ನಂಬರುಗಳು, ಕಪ್ಪು ಮಾಸಿತ್ತು, ಕೆಂಪು ಇನ್ನೂ ಸ್ಪಷ್ಟವಾಗಿತ್ತು. ಶಾಲೆಯವರು ಪ್ರತಿ ಸಲ ಸುಣ್ಣ ಹೊಡೆಸಿದಾಗಲೂ ಅಷ್ಟು ಜಾಗ ಬಿಟ್ಟೇ ಹೊಡೆಸಿದ್ದರು. ಇದಕ್ಕೇನು ಬರೀಲಿ ಹೇಳ್ರಿ ಎಂದರು ಆಪಾ.

ನನ್ನ ಬಳಿ ಶಬ್ದ ಸಿದ್ಧವಾಗಿತ್ತು. ಬಹಳ ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಎ ಬಿ ಬಿ ಎ ಎಂದೆ.

ಅವರು ಕೈಯಲ್ಲಿದ್ದ ಅಚ್ಚುಗಳನ್ನು ತಿರುಗಿಸಿ ನೋಡಿದರು. "ಬ್ಯಾಡ್ರಿ. ಮನೆ ಮಾತು ಸಾಲಿಗೆ ಯಾಕ?"

ಬರೀರಿ ಆಪಾ ಎಂದೆ. ಬ್ಯಾಡ ಅಂದ್ನಲ್ರಿ ಎಂದರು. ಕಣ್ಣು ಬಾಗಿಲ ಮೇಲಿನ ಕೆಂಪು ಅಂಕಿಗಳ ಮೇಲೆ ಇತ್ತು. ಮೂರನೇ ಸಲ ನಾನು ಬರೀರಿ ಅಂದಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಬಣ್ಣ ಗಟ್ಟಿ ಆಗೈತೇನೋ, ಕಲಸ್ರಿ" ಅಂದರು.

ಕಲಸಿದೆ. ಕೆಂಪೇ ತಂದಿದ್ದರು. ತಂದೆಯ ಹಾಗೇ ಅಚ್ಚಿನ ಅಂಚು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಬಂದ ಪ್ರಾಂಶುಪಾಲರು ಅದನ್ನು ಓದಿ, ಇದೇನು ಮೇಡಂ ಅಬ್ಬಾ ಅಂತ ಎಂದು ಕೇಳಿದರು. ಅದು ಆಶ್ಚರ್ಯ ಸರ್, ಬೇಕಿದ್ದರೆ ಕನ್ನಡ ಮೇಷ್ಟ್ರನ್ನು ಕೇಳಿ ಎಂದರು ಆಪಾ. ಹೌದು ಸಾರ್, ಭಾವಸೂಚಕ ಅವ್ಯಯ ಎಂದು ನಾನು ಸಾಕ್ಷಿ ಹೇಳಿದೆ. ತಮಗೆ ಬೇಕು ಎಂದು ಅವರು ಅಂದ ನೆನಪಿಲ್ಲ ಎಂದೆನಲ್ಲ, ಅಂದೂ ಅವರು ಅಂದದ್ದು ಬೇಕಿದ್ದರೆ ಎಂದಷ್ಟೇ.

ಹಳೆಯ ನೆಟ್‌ವರ್ಕನ್ನು ಅವರು ನಿಲ್ಲಿಸಲಿಲ್ಲ. ಒರೆಸುವುದು ತಮ್ಮ ಕೆಲಸವಲ್ಲ ಎಂದು ಬೀಗದ ಕೈ ಕೊಟ್ಟು ಹೋದರು. ಬೀಳ್ಕೊಡುಗೆ ಸಮಾರಂಭ ಬ್ಯಾಡ ಎಂದಿದ್ದರು, ಆದ್ದರಿಂದ ಜೋರಾಗಿಯೇ ಮಾಡಿದೆವು. ಅದಾದ ಮೇಲೆ ಹರಿಹರಕ್ಕೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಅವರು ಚಾ ಕೇಳುವರು, ನಾನು ಬ್ಯಾಡ ಅನ್ನುವೆ, ಹಾಗೇ ನಡೆಯುತ್ತಿತ್ತು. ಕೊನೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ದನಿ ಬಹಳ ಸಣ್ಣದಾಗಿತ್ತು, ಆದರೂ ಮೂರು ಸಲವೂ ಕೇಳಿದರು. ನನಗೆ ಅವರೆಂದರೆ ತುಂಬ ಪ್ರೀತಿ. ಅವರಿದ್ದಾಗ ಇದನ್ನು ಹೇಳಿದ್ದರೆ ಬ್ಯಾಡ್ರಿ ಎನ್ನುತ್ತಿದ್ದರು, ನಾನು ಇನ್ನೆರಡು ಸಲ ಹೇಳಬೇಕಾಗುತ್ತಿತ್ತು.

ಸಂಜೆ ಮಲೆಬೆನ್ನೂರಿನವರಿಗೆ ನಾನೇ ಫೋನ್ ಮಾಡಿದೆ. ಹಳೆಯ ವಿಳಾಸಗಳನ್ನು ಈ ತಿಂಗಳು ನಿಲ್ಲಿಸುತ್ತಿದ್ದೇನೆ, ಈಗ ಅವು ಯಾರಿಗೂ ಬೇಕಿಲ್ಲ ಎಂದರು. ಸರಿ, ಅದು ಮನೆಯವರ ಕೆಲಸ, ನಿಲ್ಲಿಸಿ ಎಂದೆ.

"ಮತ್ತೆ ಆ ಅಬ್ಬಾ ಸರ್? ತೆಗೀಲಾ?"

"ಬ್ಯಾಡ," ಅಂದೆ.

ಅವರೂ ನಮ್ಮ ಕಡೆಯವರೇ. ಮತ್ತೆ ಕೇಳಿದರು. "ಅರ್ಥ ಇಲ್ದಿರೋ ಮಾತು ಅಂತ ಕೇಳ್ದೆ ಸರ್. ಪೆಟ್ಟಿಗಿಗೆ ಹೆಂಗೂ ಬಣ್ಣ ಹೊಡಿಯೋದೈತೆ. ತೆಗೆಯೋದು ಬ್ಯಾಡ್ವಾ?"

"ಬ್ಯಾಡ್ರಿ. ಅದು ಆಪಾ ಅವರ ಅಪ್ಪ."

ಮೂರನೇ ಸಲ ಅವರು ಕೇಳಲಿಲ್ಲ.